ಬೀಳಬೇಕಾದ ದಿನ ಬೀಳಲಿಲ್ಲ

ಎಂಬತ್ತೈದನೇ ಇಸವಿಯಲ್ಲಿ ನಾನು ಬೀಳಬೇಕಾದ ದಿನ ಬೀಳದೆ ಮಾನ ಕಳೆದುಕೊಂಡೆ. ಅದು ಹೇಗೆಂದು ಹೇಳುತ್ತೇನೆ.

ನನ್ನ ತಂಗಿಯ ಮಗಳು ಸ್ವರ್ಣಲತಾಳನ್ನು ನೋಡಲು ಕದ್ರಿಯ ಕುಶಲಕ್ಕ ಕೊಡಿಯಾಲ್‌ಬೈಲಿನ ನಮ್ಮ ಮನೆಗೆ ಬಂದಿದ್ದರು. ಜೊತೆಗೆ ಪಣಂಬೂರು ಬಂದರಿನಲ್ಲಿ ಕೆಲಸದಲ್ಲಿದ್ದ ಮಗ ಚಿತ್ತರಂಜನ. ಬೆಳಗಿನಿಂದ ಓಡಾಟದಲ್ಲಿ ನಾನು ಏನೂ ತಿಂದಿರಲಿಲ್ಲ. ಅವರ ಜೊತೆ ಒಂದು ಲೋಟ ಪಾಯಸ ಕುಡಿದೆ. ಕಾಲು ಗಂಟೆಯಲ್ಲಿ ಮೈಯೆಲ್ಲ ಬೆವತು, ಎದೆ ಬಡಿದುಕೊಂಡು, ಎಲ್ಲರ ಎದುರೇ ಕುಸಿದೆ. ಎರಡು ತಿಂಗಳ ಹಿಂದೆ ಅಲ್ಸರಿಗೆಂದು ನನ್ನ ಅರ್ಧ ಹೊಟ್ಟೆ ಕತ್ತರಿಸಿ ತೆಗೆದಿದ್ದರು. ಇದು ಅದರ ಕಾಟ. ಕುಶಲಕ್ಕ ಮಾತ್ರ ಫಿಟ್ಸ್ ಎಂದು ತಿಳಿದರು. ನಮ್ಮಲ್ಲಿ ಮಕ್ಕಳು ತಾಯಿಯ ಬಳಿಗೆ, ಅಂದರೆ ತಾಯಿಯ ಕುಲಕ್ಕೆ, ಸೇರಿದವರು. ಸೋದರಮಾವನ ರೋಗವೆಂದರೆ ಹುಡುಗಿಗೂ ಬರುವ ರೋಗವೆಂದೇ ಹೆದರುತ್ತಾರೆ. ಸಂಬಂಧ ಅಲ್ಲಿಗೇ ನಿಂತಿತು. ಹುಡುಗನನ್ನು ಮೆಚ್ಚಿದ್ದ ಸ್ವರ್ಣಲತಾ ಊಟ ಬಿಟ್ಟಳು.

ಇದು ಫಿಟ್ಸ್ ಅಲ್ಲವೆಂದು ಡಾಕ್ಟರು ಬರೆದ ಚೀಟಿ ಹಿಡಿದು ಕದ್ರಿಗೆ ಹೋದೆ.

"ಚೀಟಿ ಯಾರು ಬೇಕಾದರೂ ಬರೆಸಬಹುದು ಶೀನಪ್ಪಣ್ಣ," ಎಂದರು ಕುಶಲಕ್ಕ.

ನನಗೆ ಪಿತ್ತ ನೆತ್ತಿಗೇರಿತು. "ಹಾಗಾದರೆ ಪಾಯಸ ಕೊಡಿ. ಕಾಲು ಗಂಟೆಗೆ ಸರಿಯಾಗಿ ಬೀಳ್ತೇನೆ. ಫಿಟ್ಸ್ ಗಡಿಯಾರ ನೋಡಿ ಬರ್ತದಾ?"

ಮನೆಗೆ ಬಂದವರಿಗೆ ಬರೀ ಪಾಯಸ ಕೊಡುವುದು ಹೇಗೆಂದು ಅವರು ಮೊದಲು ಎಣ್ಣೆ ತೇಲುವ ಕೋಳಿ ಸಾರು ಸುರಿದ ಕೋರಿ ರೊಟ್ಟಿ ಬಡಿಸಿದರು. ಆಮೇಲೆ ಪಾಯಸ. ಕಾಲು ಗಂಟೆಯಾಯಿತು, ಅರ್ಧವಾಯಿತು, ಒಂದಾಯಿತು. ನಾನು ಗುಂಡುಕಲ್ಲಿನ ಹಾಗೆ ಕೂತೇ ಇದ್ದೆ. ತಲೆ ತಿರುಗಲಿ ದೇವರೇ ಎಂದು ಬೇಡಿಕೊಂಡರೂ ತಿರುಗಲಿಲ್ಲ.

"ಪಾಯಸದಿಂದಲೇ ಆದರೆ ಇವತ್ತೂ ಬರಬೇಕಿತ್ತಲ್ಲ. ಆವತ್ತು ಬಂದದ್ದು ಎಂತ?" ಎಂದರು ಕುಶಲಕ್ಕ.

ನಿಜಕ್ಕೂ ಫಿಟ್ಸೇ ಇರಬಹುದೇ ಎಂದು ನನಗೇ ಸಂಶಯ ಬಂತು.

ಚೀಟಿ ಬರೆದುಕೊಟ್ಟಿದ್ದ ಡಾಕ್ಟರ್ ಯೂಸ್ಟೇಸ್ ಬಳಿ ಹೋಗಿ ನಡೆದದ್ದು ಹೇಳಿದರೆ ಅವರು ನಕ್ಕುಬಿಟ್ಟರು. "ಕರುಳಿಗೂ ರುಚಿ ಗೊತ್ತಾಗ್ತದೆ ಮಾರಾಯ್ರೆ. ಅಲ್ಲಿ ಕೆಲವು ಜೀವಕೋಶಗಳುಂಟು. ಸಕ್ಕರೆ ಒಮ್ಮೆಲೇ ನುಗ್ಗಿದರೆ ಮೇಲಿನ ಕರುಳಿನವು ರಕ್ತಕ್ಕೆ ಹಾರ್ಮೋನ್ ಬಿಟ್ಟು ಗಲಾಟೆ ಎಬ್ಬಿಸ್ತವೆ. ಕೆಳಗಿನವು ಕೊಬ್ಬು ಕಂಡರೆ, ನಿಧಾನ ಕಳಿಸಿ ಅಂತ ಮೇಲೆ ಸುದ್ದಿ ಮುಟ್ಟಿಸ್ತವೆ. ನಿಮ್ಮನ್ನು ಉಳಿಸಿದ್ದು ಕೋರಿ ರೊಟ್ಟಿಯ ಎಣ್ಣೆ."

"ಹೊಟ್ಟೆಯೊಳಗೂ ಹೆಡ್ ಆಫೀಸು, ಬ್ರಾಂಚು ಉಂಟಾ?"

"ಉಂಟು. ಮ್ಯಾನೇಜರ್ ಯಾರು ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಬರೀ ಹೊಟ್ಟೆಗೆ ಮಾತ್ರ ಸಿಹಿ ಮುಟ್ಟಬೇಡಿ."

ನನ್ನದೇ ಹೊಟ್ಟೆ, ನನಗೇ ತಲೆಬುಡ ಅರ್ಥವಾಗಲಿಲ್ಲ. ಕೊನೆಯ ಮಾತೊಂದು ಅರ್ಥವಾಯಿತು. ಮರುದಿನ ಬರೀ ಹೊಟ್ಟೆಯಲ್ಲಿ ಹೊರಟೆ. "ಬೇಡ ಮಾಮ, ನನಗೆ ಮದುವೆಯೇ ಬೇಡ," ಎಂದು ಸ್ವರ್ಣಲತಾ ಕೈ ಹಿಡಿದಳು. ಬಿಡಿಸಿಕೊಂಡು ಬಂದೆ.

ಕುಶಲಕ್ಕನ ಮನೆಯಲ್ಲಿ ಆವತ್ತು ಚಿತ್ತರಂಜನನೂ ಇದ್ದ. ಒಂದು ಚೊಂಬು ಬೆಲ್ಲದ ನೀರು ಕೇಳಿ ಗಟಗಟ ಕುಡಿದೆ. ಹದಿನಾಲ್ಕನೇ ನಿಮಿಷಕ್ಕೆ ಬೆವರು, ನಡುಕ, ಆಮೇಲೆ ನೆಲ. ಎಚ್ಚರವಿತ್ತು. ಜೀವ ಹೋಗುತ್ತದೆಂದು ಹೆದರಿಕೆಯಾಯಿತು, ಗೆದ್ದೆನೆಂದು ಖುಷಿಯೂ ಆಯಿತು. ಯಾವುದು ಹೆಚ್ಚೆಂದು ಈಗಲೂ ತಿಳಿಯದು.

ಅರ್ಧ ಗಂಟೆ ಬಿಟ್ಟು ಎದ್ದು ಕೂತೆ. ಕುಶಲಕ್ಕ ಸೆರಗಿನಿಂದ ನನ್ನ ಮುಖ ಒರೆಸುತ್ತಿದ್ದರು.

"ನಿಮಗೆ ಮರ್ಲಾ, ಹುಚ್ಚಾ ಶೀನಪ್ಪಣ್ಣ? ಸತ್ತುಹೋಗಿದ್ದರೆ?"

"ಆಗಲಾದರೂ ನಂಬ್ತಿದ್ರಿ," ಎಂದೆ.

ಅವರು ಖಾಲಿ ಚೊಂಬನ್ನು ಎತ್ತಿ ದೂರ ಇಟ್ಟರು. ಆಮೇಲೆ, "ಗುರುವಾರ ಹುಡುಗಿಯನ್ನು ಕೇಳಲಿಕ್ಕೆ ನಾವೇ ಬರ್ತೇವೆ," ಎಂದರು.

ಅವರ ಮಗನ ಎದುರೇ ನಾನು ಅತ್ತುಬಿಟ್ಟೆ.