ಕಿರುಬೆರಳಿನ ಬಿಳಿ

ನಮ್ಮ ಸಂಗ್ರಹಾಲಯದ ನಿರ್ದೇಶಕರು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ನಾನು ಹಳೆ ಚಿತ್ರವೊಂದರಲ್ಲಿ ಟೈಟೇನಿಯಂ ಸಿಕ್ಕಿದೆ ಅಂದೆ. ಅವರು ನನ್ನ ಅಕ್ಕನನ್ನು ಕಳ್ಳಿ ಅಂದರು.

ತೆಳು ಕಾಗದದ ಮೇಲೆ ಮಗುವನ್ನು ಎತ್ತಿಕೊಂಡ ಹೆಂಗಸು, ಮುನ್ನೂರು ವರ್ಷದ ಚಿತ್ರ. ಟೈಟೇನಿಯಂ ಬಿಳಿ ಬಣ್ಣ ಬಳಕೆಗೆ ಬಂದದ್ದೇ ನೂರು ವರ್ಷದ ಈಚೆಗೆ. ಹಾಗಾದರೆ ಇದು ನಕಲು, ಅಸಲಿಯನ್ನು ಮಾರಿದವಳು ಇಲ್ಲೇ ಚಿತ್ರಗಳನ್ನು ದುರಸ್ತಿ ಮಾಡುವ ಅಕ್ಕ ಎಂದು ಅವರ ವಾದ. ನಾಲ್ಕು ಗಂಟೆಗೆ ಪೊಲೀಸರನ್ನು ಕರೆಯುವವರಿದ್ದರು. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು.

ಬಣ್ಣವನ್ನು ಕೆರೆಯದೆ, ಎಕ್ಸ್-ರೇ ಹಾಯಿಸಿ ಅದರಲ್ಲಿ ಏನಿದೆ ಎಂದು ಹೇಳುವುದು ನನ್ನ ಕೆಲಸ. ಮಧ್ಯಾಹ್ನ ದಿಕ್ಕು ತೋಚದೆ ಮೇಜಿಗೆ ಹಣೆ ಹಚ್ಚಿ ಕೂತೆ. ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಹೋದ ವಾರ ಮೇಜಿಗೆ ಬಿಳಿ ಬಳಿದವನು ನಾನೇ. ಈಗಿನ ಬಿಳಿ ಬಣ್ಣವೆಲ್ಲ ಟೈಟೇನಿಯಂನದೇ. ಕಿರಣ ತೆಳು ಕಾಗದವನ್ನು ದಾಟಿ ಮೇಜಿಗೇ ತಾಗಿತ್ತು. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಅಕ್ಕನನ್ನು ಕರೆದೆ. ಕಿರಣ ಮೇಜಿಗೆ ತಾಗದಂತೆ ಚಿತ್ರವನ್ನು ದಪ್ಪ ಸ್ಪಂಜಿನ ಮೇಲಿಟ್ಟು ಮತ್ತೆ ಅಳೆದೆ. ಐದು ಕಡೆ ಬರೀ ಸುಣ್ಣದ ಹಳೆ ಬಿಳಿ. ಹೋದ ಜೀವ ಬಂದಂತಾಯಿತು. ಆರನೆಯದು ಹೆಂಗಸಿನ ಕಿರುಬೆರಳು. ಅಲ್ಲಿ ಟೈಟೇನಿಯಂ ಹಾಗೇ ಇತ್ತು.

ಅಕ್ಕ ಕುರ್ಚಿ ಎಳೆದು ಕೂತಳು.

"ಎರಡು ವರ್ಷದಿಂದ ಕೈ ನಡುಗುತ್ತೆ ಕಣೋ. ಕೊಳೆ ತೆಗೀವಾಗ ಬ್ಲೇಡ್ ಜಾರಿ ಬೆರಳಿನ ಬಣ್ಣ ಹೋಯ್ತು. ನಾನೇ ತುಂಬಿದೆ."

ದುರಸ್ತಿ ಮಾಡಿದ್ದೆಲ್ಲ ಪುಸ್ತಕದಲ್ಲಿ ಬರೆಯಬೇಕು. ಅವಳು ಬರೆದಿರಲಿಲ್ಲ. ಬರೆದರೆ ಬ್ರಷ್ ಕಿತ್ತುಕೊಳ್ಳುತ್ತಾರೆ ಎಂಬ ಭಯ.

"ಐದು ಜಾಗ ಬರೆದ್ರೆ ಸಾಕಲ್ವಾ?" ಅಂದಳು. ಹುಟ್ಟಿದಾಗಿನಿಂದ ಅವಳು ನನ್ನನ್ನು ಕೇಳಿದ್ದು ಇದೊಂದೇ.

ನಾಳೆ ಬೇರೆಯವರು ಅಳೆದು ಆ ಬೆರಳು ಸಿಕ್ಕಿದರೆ ಕಳ್ಳತನವೂ ಅಂಟಿಕೊಳ್ಳುತ್ತೆ, ಆಮೇಲೆ ನನ್ನ ಮಾತು ಮೂರು ಕಾಸಿಗೂ ಬಾಳಲ್ಲ ಎಂದು ಅವಳಿಗೆ ಹೇಳಿದೆ. ಅವಳು ಚಿತ್ರದ ಮೇಲೆ ಬಗ್ಗಿ ಆ ಬೆರಳನ್ನು ನೋಡಿದಳು.

"ಗೊತ್ತಾಗದ ಹಾಗೆ ತುಂಬಿದ್ದೀನಿ, ಅಲ್ವಾ?"

"ಯಂತ್ರ ಇಲ್ಲದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ ಅಕ್ಕ."

"ಹಾಗಾದ್ರೆ ಬರಿ."

ವರದಿಯಲ್ಲಿ ಮೊದಲು ನನ್ನ ತಪ್ಪು ಬರೆದೆ, ಆಮೇಲೆ ಆರೂ ಜಾಗ. ದುರಸ್ತಿಗಾರರ ಸಹಿಯೂ ಬೇಕಿತ್ತು. ಅಕ್ಕ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಅದುಮಿ ಹಿಡಿದು ಸಹಿ ಹಾಕಿದಳು.

ಪೊಲೀಸರು ಬರಲಿಲ್ಲ. ಮರುದಿನದಿಂದ ಅಕ್ಕನೂ ಕೆಲಸಕ್ಕೆ ಬರಲಿಲ್ಲ.