ಮುಂದೆ ಮೊಳೆ, ಹಿಂದೆ ಅಂಟು

ನರಿನ್ ಪೇಟೆಯ ಟ್ಯಾಕ್ಸಿ ನಿಲ್ದಾಣದಲ್ಲಿ ಆ ನವೆಂಬರಿಗೆ ಎರಡು ಪಕ್ಷಗಳಿದ್ದವು: ಮೊಳೆ ಪಕ್ಷ ಮತ್ತು ಅಂಟು ಪಕ್ಷ. ಮಂಜುಗಡ್ಡೆಯನ್ನು ಕಬ್ಬಿಣ ಕಚ್ಚಬೇಕು, ಟೈರಿಗೆ ಮೊಳೆ ಇರಲೇಬೇಕು ಎನ್ನುವವರು ಮೊದಲನೆಯವರು. ಮೊಳೆ ಒಣ ಡಾಂಬರಿನ ಮೇಲೆ ಜಾರುತ್ತದೆ, ಎಂಥ ಚಳಿಯಲ್ಲೂ ಮೆತ್ತಗಿರುವ ಅಂಟು ರಬ್ಬರೇ ಸೈ ಎನ್ನುವವರು ಎರಡನೆಯವರು. ಚುನಾವಣೆಗೂ ಬಿಸಿಯಾಗದ ಜನ ಟೈರಿಗೆ ಬಿಸಿಯಾಗುತ್ತಿದ್ದರು.

ಟ್ಯಾಕ್ಸಿ ಓಡಿಸುವ ಕೆಮೆಲ್ಬೆಕ್‌ಗೆ ಯಾವ ಪಕ್ಷದವರಾದರೂ ಸರಿ, ತನ್ನ ಕಾರಿನಲ್ಲಿ ಕೂತರೆ ಸಾಕಿತ್ತು. ಕಳೆದ ಚಳಿಗಾಲ ದೋಲೋನ್ ಘಟ್ಟದಲ್ಲಿ ಅವನ ಕಾರು ನಾಲ್ವರನ್ನು ಹೊತ್ತು ಹಿಮದ ಗುಡ್ಡೆಗೆ ನುಗ್ಗಿತ್ತು. ಯಾರಿಗೂ ಏನೂ ಆಗಲಿಲ್ಲ. ಪೆಟ್ಟು ಬಿದ್ದದ್ದೆಲ್ಲ ಅವನ ಹೆಸರಿಗೆ. ಅಂದಿನಿಂದ ಘಟ್ಟದಾಚೆಯ ರಾಜಧಾನಿ ಬಿಷ್ಕೆಕ್ಕಿಗೆ ಹೋಗುವವರು ಬಾಗಿಲ ತನಕ ಬಂದು, "ಓ, ನೀನಾ?" ಎಂದು ಪಕ್ಕದ ಕಾರು ಹತ್ತುತ್ತಿದ್ದರು. ಆ ಪಕ್ಕದ ಕಾರಿನ ಮುಸಾಕುನ್ ಬೇರೆ, ಇಲ್ಲದ ಸ್ಟಿಯರಿಂಗನ್ನು ಗಾಳಿಯಲ್ಲಿ ತಿರುಗಿಸುತ್ತ, "ಅಯ್ಯಯ್ಯೋ, ಹಿಡ್ಕೊಳ್ಳಿ ಅಪಾ, ಹಿಡ್ಕೊಳ್ಳಿ!" ಎಂದು ಕೆಮೆಲ್ಬೆಕ್‌ನ ಕೀಚಲು ದನಿಯನ್ನೇ ತೆಗೆದು ನಿಲ್ದಾಣವನ್ನೆಲ್ಲ ನಗಿಸುತ್ತಿದ್ದ. ಈ ಚಳಿಗಾಲವೂ ಕಾರು ಖಾಲಿ ನಿಂತರೆ ಕೆಮೆಲ್ಬೆಕ್ ಮಾವನ ಕುರಿ ಕಾಯಲು ಹೋಗಬೇಕಿತ್ತು. ಮಾವ ಆಗಲೇ ಅಳಿಯನ ಎತ್ತರಕ್ಕೆ ಸರಿಯಾಗಿ ಒಂದು ಕೋಲು ಕಡಿದಿಟ್ಟಿದ್ದ.

ಹೀಗಾಗಿ ಅವನು ಟೈರು ಆರಿಸುವಾಗ ರಸ್ತೆಯನ್ನು ನೋಡಲಿಲ್ಲ, ಪ್ರಯಾಣಿಕರನ್ನು ನೋಡಿದ. ಮುಂದಿನ ಎರಡು ಚಕ್ರಕ್ಕೆ ಮೊಳೆ, ಹಿಂದಿನ ಎರಡಕ್ಕೆ ಅಂಟು.

"ಬೈಕೆ, ಅಣ್ಣಾ, ಇದೇನ್ ಮದುವೆ ಊಟನಾ, ಅದೊಂಚೂರು ಇದೊಂಚೂರು ಹಾಕಿಸ್ಕೊಳ್ಳೋಕೆ?" ಎಂದ ಟೈರಂಗಡಿಯ ಸಾತ್ಕಿನ್. "ಯಾವ್ದಾದ್ರೂ ಹಾಕಿ. ಆದ್ರೆ ನಾಲ್ಕೂ ಅದನ್ನೇ ಹಾಕಿ."

"ಮೊಳೆಯವ್ರು ಬಂದ್ರೆ ಮುಂದೆ ತೋರಿಸ್ತೀನಿ. ಅಂಟಿನವ್ರು ಬಂದ್ರೆ ಹಿಂದೆ ತೋರಿಸ್ತೀನಿ. ನಿಂಗೇನೋ ಕಷ್ಟ?"

"ಕುದುರೆ ಅಡ್ಡ ಬಂದ್ರೆ?"

"ಕುದುರೆ ಟೈರ್ ನೋಡಿ ಬರಲ್ಲ ಬಿಡು."

ಹಿಂದು ಮುಂದು ನೋಡದೆ ಮಾಡಿದ ಕೆಲಸ ಎನ್ನುವಂತಿಲ್ಲ. ಹಿಂದೂ ಮುಂದೂ ನೋಡಿಯೇ ಮಾಡಿದ್ದ. ಸಾತ್ಕಿನ್ ಹೇಳಿದಂತೆ ಹಾಕಿ, ಮೊಳೆ ಟೈರಿನ ಉಳಿದ ಜೋಡಿಯನ್ನು ಗೋಡೆಗೆ ಒರಗಿಸಿಟ್ಟ.

ಮಾರನೆಯ ಬೆಳಿಗ್ಗೆ ಉಪಾಯ ಫಲಿಸಿತು. ಒಬ್ಬ ಮೇಷ್ಟ್ರು ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಮೊಳೆ ಎಣಿಸಿ ತೃಪ್ತರಾದರು. ಬಟ್ಟೆ ವ್ಯಾಪಾರದ ಗಂಡ ಹೆಂಡತಿ ಹಿಂದಿನದನ್ನು ಒತ್ತಿ ನೋಡಿ, "ಮೆತ್ತಗಿದೆ" ಎಂದು ಹತ್ತಿದರು. ನಾಲ್ಕನೆಯವಳಾಗಿ ಝೂರಾಕಾನ್ ಎಂಬ ಮುದುಕಿ ಏನನ್ನೂ ನೋಡದೆ ಮುಂದಿನ ಸೀಟಿನಲ್ಲಿ ಕೂತಳು. ಕಾರು ತುಂಬಿತು. ಮುಸಾಕುನ್‌ನ ನಗೆ ಅರ್ಧಕ್ಕೇ ನಿಂತಿತು.

ಇನ್ನು ಉಳಿದದ್ದು ಬಾತಾ. ಘಟ್ಟದ ದಾರಿ ಹಿಡಿಯುವ ಮುಂಚೆ ಕಾರಿನಲ್ಲಿ ಹಿರಿಯರು ಯಾರೋ ಅವರು ಅಂಗೈ ಬಿಡಿಸಿ ಹರಸಬೇಕು, ಮಿಕ್ಕವರು ಓಮೀನ್ ಎಂದು ಮುಖ ಸವರಿಕೊಳ್ಳಬೇಕು. ಅದಾಗದೆ ಚಾವಿ ತಿರುಗದು.

"ಅಪಾ, ದೊಡ್ಡಮ್ಮಾ, ನೀವೇ ಹಿರಿಯರು. ಹರಸಿ."

ಮುದುಕಿ ಕೈ ಎತ್ತುವ ಬದಲು ಬಾಗಿಲು ತೆಗೆದು ಇಳಿದಳು. ಮುಂದಿನ ಚಕ್ರ ಮುಟ್ಟಿದಳು, ಹಿಂದಿನ ಚಕ್ರ ಮುಟ್ಟಿದಳು. ಕೈ ಒರೆಸಿಕೊಂಡಳು.

"ಇದು ಬಾಲ ಆಡಿಸತ್ತೆ, ಮಗಾ."

"ಯಾವ್ದು ಅಪಾ?"

"ನಿನ್ ಕಾರು. ಮೂವತ್ತು ಚಳಿಗಾಲ ದೋಲೋನ್ ಮೇಲೆ ರಸ್ತೆಯವ್ರ ಟ್ರ್ಯಾಕ್ಟರ್ ಓಡಿಸ್ದೋಳು ನಾನು. ಮೂತಿ ಬಂದ್ ದಾರಿಗೇ ತಿರುಗ್ಸಿ ನಿಂತಿರೋ ಕಾರು ಎಷ್ಟ್ ಎಳ್ದಿದೀನೋ ಏನೋ. ಬ್ರೇಕ್ ಒತ್ತಿದ್ರೆ ಮುಂಗಾಲು ನಿಲ್ಲತ್ತೆ, ಹಿಂಗಾಲು ನಿಲ್ಲಲ್ಲ."

"ನಿಧಾನ ಹೋಗ್ತೀನಿ. ಒಂದ್ ಬಾತಾ ಕೊಟ್ಬಿಡಿ."

"ದೇವ್ರನ್ನ ಏನಂತ ಕೇಳ್ಲಿ? ಮುಂದಿಂದು ಇವ್ನು ನೋಡ್ಕೊಂಡಿದಾನೆ, ಹಿಂದಿಂದು ನೀನ್ ನೋಡ್ಕೋ ಅಂತಲಾ?"

ಮೇಷ್ಟ್ರು ತಮ್ಮ ಅಂಗೈಗಳನ್ನು ತುಸು ಎತ್ತಿದವರು, ಮುದುಕಿಯ ಮುಖ ಕಂಡು ಅವನ್ನು ಜೇಬಿಗೆ ಇಳಿಸಿದರು. ಟೈರು ಬದಲಿಸಲು ಸಾಲು ಬಿಟ್ಟರೆ ಸರದಿ ಹೋಯಿತು. ಇದು ಕೆಮೆಲ್ಬೆಕ್‌ಗೂ ಗೊತ್ತಿತ್ತು, ಮುಸಾಕುನ್‌ಗೂ. "ಬನ್ನಿ ಬನ್ನಿ, ಇಲ್ಲಿ ನಾಲ್ಕೂ ಒಂದೇ ತಾಯಿ ಮಕ್ಳು!" ಎಂದು ಮುಸಾಕುನ್ ಆಗಲೇ ತನ್ನ ಟೈರು ಒದ್ದು ತೋರಿಸುತ್ತಿದ್ದ. ಗಂಡ ಹೆಂಡತಿ ಗಂಟು ಎತ್ತಿಕೊಂಡು ಅತ್ತ ನಡೆದರು.

ಕೆಮೆಲ್ಬೆಕ್ ಚಾವಿಯನ್ನು ಒಂದು ಸಲ ಕೈಯಿಂದ ಕೈಗೆ ಬದಲಿಸಿದ. ಆಮೇಲೆ ಕಾರನ್ನು ಸಾಲಿನಿಂದ ಹೊರಕ್ಕೆ ತೆಗೆದ.

ಟೈರಂಗಡಿಯಲ್ಲಿ ಸಾತ್ಕಿನ್ ಅವನನ್ನು ಕಂಡೊಡನೆ ಎದ್ದ. ಗೋಡೆಗೆ ಒರಗಿದ್ದ ಜೋಡಿಯನ್ನು ಉರುಳಿಸಿಕೊಂಡು ಬಂದ. ಹಿಂದಿನ ಚಕ್ರಗಳು ಬದಲಾಗುವ ತನಕ ಝೂರಾಕಾನ್ ಅಂಗಡಿಯ ಒಲೆಯ ಪಕ್ಕ ಕೂತು ಬೋರ್ಸೋಕ್ ಎಂಬ ಕರಿದ ಹಿಟ್ಟಿನುಂಡೆಯನ್ನು ಚಹಾದಲ್ಲಿ ಅದ್ದಿ ತಿಂದಳು. ಮೇಷ್ಟ್ರು ಹೊಸ ಮೊಳೆಗಳನ್ನೂ ಎಣಿಸಿದರು. ಎಲ್ಲ ಮುಗಿದ ಮೇಲೆ ಮುದುಕಿ ಅಂಗೈ ಬಿಡಿಸಿ, "ದಾರಿ ತೆರೆದಿರಲಿ" ಎಂದಳು. ಓಮೀನ್. ಎರಡು ಸೀಟು ಖಾಲಿಯಾಗಿಯೇ ಕಾರು ಹೊರಟಿತು.

ಘಟ್ಟದ ಆಚೆಯ ಇಳಿಜಾರಿನಲ್ಲಿ, ತಿರುವು ಕಳೆದೊಡನೆ, ಕುದುರೆಯ ಹಿಂಡು ರಸ್ತೆಗೆ ಅಡ್ಡ ನಿಂತಿತ್ತು. ಕೆಳಗಿದ್ದದ್ದು ಬರೀ ಮಂಜುಗಡ್ಡೆ. ಕೆಮೆಲ್ಬೆಕ್ ಬ್ರೇಕ್ ಒತ್ತಿದ. ಮೊಳೆಗಳು ಕರಕರ ಎಂದವು. ಕಾರು ನೇರ ಹೋಗಿ ನೇರ ನಿಂತಿತು. ಒಂದು ಮೊಳದಾಚೆ ಕಂದು ಬಣ್ಣದ ಮರಿಯೊಂದು ಬಾನೆಟ್ಟಿನ ಬಿಸಿಯನ್ನು ಮೂಸತೊಡಗಿತು. ಮೇಷ್ಟ್ರು ಬಾಗಿಲ ಹಿಡಿಯನ್ನು ಬಿಟ್ಟು ಟೋಪಿ ಸರಿಮಾಡಿಕೊಂಡರು.

ತೂಕಡಿಸುತ್ತಿದ್ದ ಝೂರಾಕಾನ್ ಅರೆಗಣ್ಣು ತೆರೆದಳು. "ಬಾಲ?" ಎಂದಳು.

"ಆಡಿಸ್ಲಿಲ್ಲ, ಅಪಾ."

"ಹಾರ್ನ್ ಹೊಡೀಬೇಡ ಮತ್ತೆ. ಮರಿ ಹೆದರತ್ತೆ."