ವೆರ್ನಾಳ ಸೋಮವಾರ

ಹ್ಯಾಲ್‌ಸ್ಟೆಡ್ ಗ್ರಾಮದ ಇನ್ನೂರ ಹನ್ನೊಂದು ಮಂದಿ ಸಮಸ್ತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬರುವ ಫೆಬ್ರವರಿಯಿಂದ ಪ್ರತಿ ಸೋಮವಾರ ವೆರ್ನಾ ಕೋಸ್ತ್ಯುಕ್ ಮಲಗಿರುತ್ತಾಳೆ.

ಪ್ರಕಟಣೆ ಇಷ್ಟೇ. ಮೊಟ್ಟೆಯ ರಟ್ಟಿನ ಡಬ್ಬದ ಮುಚ್ಚಳ ಹರಿದು, ಅದರ ಬೆನ್ನಿಗೆ ಬರೆದು, ತನ್ನ ಕಾಫಿ ಅಂಗಡಿಯ ಬಾಗಿಲಿಗೆ ಅಂಟಿಸಿ ವೆರ್ನಾ ಒಳಗೆ ಬಂದು ಆಲೂಗಡ್ಡೆ ಸುಲಿಯತೊಡಗಿದಳು. ನಿಂತುಕೊಂಡೇ. ಕೂತರೆ ಏಳುವುದು ಇನ್ನೊಂದು ಕೆಲಸ. ಹೊರಗೆ ಮೈನಸ್ ಮೂವತ್ತೊಂದು.

ಕ್ರಿಸ್ಮಸ್ ಒಂದು ಬಿಟ್ಟು ಮೂವತ್ತೊಂದು ವರ್ಷ, ದಿನವೂ ಬೆಳಗಿನ ಐದೂವರೆಗೆ ಅವಳು ಈ ಬಾಗಿಲು ತೆಗೆದಿದ್ದಾಳೆ. ಕಾಲ ಕೆಟ್ಟಿದೆ ಎಂದು ಊರವರು ಗೊಣಗುತ್ತಿದ್ದರು. ಅವಳ ಪ್ರಕಾರ ಕೆಟ್ಟಿದ್ದು ಕಾಲವಲ್ಲ, ಕಾಲು. ಅದರಲ್ಲೂ ಬಲಗಾಲಿನ ಮೊಣಕಾಲು.

ತಪ್ಪು ಅವಳದೇ. ಮೊದಲು ಊರಿನ ಶಾಲೆ ಮುಚ್ಚಿತು, ಆಮೇಲೆ ಬ್ಯಾಂಕು, ಆಮೇಲೆ ರೈಲು ಹಳಿಯ ಪಕ್ಕದ ಧಾನ್ಯದ ಗೋದಾಮನ್ನೇ ಕೆಡವಿದರು. ಒಂದೊಂದು ಮುಚ್ಚಿದಾಗಲೂ ಹೋಗಲು ಜಾಗವಿಲ್ಲದವರು ಇಲ್ಲಿಗೆ ಬಂದರು. ಮೂರನೇ ಸಲ ಬಂದವರ ಹೆಸರನ್ನು ಒಂದು ಕಪ್ಪಿನ ಮೇಲೆ ಬರೆದು, ಗೋಡೆಗೆ ಕೊಕ್ಕೆ ಹೊಡೆದು ಅವಳು ನೇತುಹಾಕಿದಳು. ಎಲ್ಲಿಯವರು, ಯಾಕೆ ಬಂದಿರಿ ಎಂದು ಕೇಳಲಿಲ್ಲ. ಈಗ ಗೋಡೆಯಲ್ಲಿ ಅರವತ್ತನಾಲ್ಕು ಕಪ್ಪುಗಳಿವೆ. ಹನ್ನೊಂದರ ಒಡೆಯರು ಚರ್ಚಿನ ಹಿಂದೆ ಮಣ್ಣಿನಡಿ ಮಲಗಿದ್ದಾರೆ, ಆದರೂ ವಾರಕ್ಕೊಮ್ಮೆ ವೆರ್ನಾ ಆ ಹನ್ನೊಂದನ್ನೂ ಇಳಿಸಿ ತೊಳೆಯುತ್ತಾಳೆ.

ಒಳಗೆ ಒಂದು ಉದ್ದ ಮೇಜು, ಅದರ ಸುತ್ತ ಆರು ಜನ ಖಾಯಂ. ಒಂದೇ ಪೇಪರು, ಅದರಲ್ಲಿ ಒಂದೇ ಪದಬಂಧ. ಪ್ರತಿ ಉತ್ತರಕ್ಕೂ ಮತ ಹಾಕಿ, ಬಹುಮತ ಬಂದದ್ದನ್ನೇ ಪೆನ್ನಿನಲ್ಲಿ ತುಂಬುವುದು ಮೇಜಿನ ನಿಯಮ. ಸರಿ ಉತ್ತರ ಎಷ್ಟೋ ಸಲ ಸೋತಿದೆ. ಮೇಜಿಗೆ ಹೊಸಬಳು ಮಾರಿವಿಕ್. ಫಿಲಿಪ್ಪೀನ್ಸಿನಲ್ಲಿ ನರ್ಸ್ ಆಗಿದ್ದವಳು, ಇಲ್ಲಿ ವೃದ್ಧಾಶ್ರಮದ ನೆಲ ಒರೆಸುತ್ತಾಳೆ. ಬಂದ ಆರನೇ ವಾರಕ್ಕೇ ಅವಳಿಗೆ ಮತದಾನದ ಹಕ್ಕು ಸಿಕ್ಕಿತ್ತು. ದೇಶದ ಪೌರತ್ವ ಇನ್ನೂ ಅರ್ಜಿಯಲ್ಲೇ ಇದೆ.

"ಏನೇ ಇದು ವೆರ್ನಾ, ಬಾಗ್ಲಿಗೆ ಸಾವಿನ ಸುದ್ದಿ ಅಂಟಿಸಿದ್ದೀಯ?" ಎನ್ನುತ್ತ ಓರೆಸ್ಟ್ ಬೂಟು ಕೊಡವಿದ. ಎಪ್ಪತ್ತೊಂಬತ್ತರ ಗೋಧಿ ರೈತ ಅವನು. ಹೊಲ ಮಾರಿಯಾಗಿತ್ತು, ನಾಲ್ಕಕ್ಕೆ ಏಳುವ ಅಭ್ಯಾಸ ಮಾತ್ರ ಯಾರೂ ಕೊಂಡಿರಲಿಲ್ಲ.

"ಓದಕ್ಕೆ ಬರಲ್ವಾ? ಸೋಮವಾರ ರಜೆ."

"ನಿಂಗೆ ರಜೆ, ನಮ್ಗೆ ಸಜೆ," ಎಂದ ಲೈಲ್. ಕೆಡವಿದ ಗೋದಾಮಿನ ಕೊನೆಯ ಮೇಸ್ತ್ರಿ.

"ಮನೇಲಿ ಮಾಡ್ಕೊಂಡು ಕುಡೀರಪ್ಪ. ನೀರು, ಕಾಫಿಪುಡಿ, ಅಷ್ಟೇ. ಅದೇನ್ ಮಂತ್ರ ಹೇಳ್ಬೇಕಾ?"

"ಮಾಡ್ಕೋಬಹುದು. ಯಾರ್ ಜೊತೆ ಕುಡಿಯೋದು?"

ಓರೆಸ್ಟ್ ಇದನ್ನು ತಮಾಷೆಗೆಂದೇ ಶುರುಮಾಡಿದ್ದ. ವಾಕ್ಯ ಮುಗಿಯುವಷ್ಟರಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ. ಆ ಹನ್ನೊಂದು ಕಪ್ಪುಗಳಲ್ಲಿ ಒಂದು ಅವನ ಹೆಂಡತಿಯದು.

ವೆರ್ನಾ ತಲೆಯೆತ್ತಲಿಲ್ಲ. ಎತ್ತಿದರೆ ಕರಗುತ್ತೇನೆಂದು ಅವಳಿಗೆ ಗೊತ್ತು. ಅವಳು ಕೇಳುತ್ತಿರುವುದು ವಾರಕ್ಕೊಂದು ಬೆಳಗು. ಸೂರ್ಯ ಎದ್ದಮೇಲೆ ತಾನು ಏಳಬೇಕು. ಜನವರಿಯಲ್ಲಿ ಅವನೇ ಒಂಬತ್ತಕ್ಕೆ ಏಳುವ ಸೋಮಾರಿ.

ಮೇಜು ಗುಸುಗುಸು ಮಾಡಿತು, ಕೈಯೆತ್ತಿತು, ಇಳಿಸಿತು. ಆರಕ್ಕೆ ಆರು.

"ಸೋಮವಾರ ಅಂಗಡಿ ನಾವ್ ನಡಿಸ್ತೀವಿ," ಲೈಲ್ ಘೋಷಿಸಿದ. "ನೀನು ಬಿದ್ಕೋ."

"ನೀವಾ? ಓರೆಸ್ಟ್ ನೀರಿಟ್ರೆ ನೀರೇ ಸೀದು ಹೋಗತ್ತೆ!" ಎಂದಳು ವೆರ್ನಾ. ಆದರೂ ಸುಲಿಯುತ್ತಿದ್ದ ಚಾಕು ಕೆಳಗಿಟ್ಟಳು. "ಅದಲ್ದೆ ಕಾನೂನಿದೆ. ಅಡುಗೆಮನೆ ಶುಚಿತ್ವದ ಪರೀಕ್ಷೆ ಪಾಸಾದೋರು ಒಬ್ರು ಅಂಗಡೀಲಿ ಇರ್ಲೇಬೇಕು. ಈ ಊರಲ್ಲಿ ಇರೋದು ನಾನೊಬ್ಳೇ."

"ಬರೀತೀವಿ ಬಿಡು. ಆರು ಜನದಲ್ಲಿ ಒಬ್ರು ಪಾಸಾಗಲ್ವಾ?"

"ನಾನ್ ಆಗ್ತೀನಿ ವೆರ್ನಾ ಅಕ್ಕ," ಎಂದಳು ಮಾರಿವಿಕ್ ಮೆಲ್ಲಗೆ.

ಓದು ಮೂರು ವಾರ ನಡೆಯಿತು. ಎಲ್ಲಿ? ಅಂಗಡಿಯಲ್ಲೇ. ಮೂರಕ್ಕೆ ಮುಚ್ಚುತ್ತಿದ್ದ ಬಾಗಿಲು ಆರರವರೆಗೆ ತೆರೆದಿರತೊಡಗಿತು. ವಿದ್ಯಾರ್ಥಿಗಳಿಗೆ ಹಸಿವು ಜಾಸ್ತಿ. ಕಾಫಿಯ ಮೇಲೆ ಕಾಫಿ, ಆಲೂಗಡ್ಡೆ ತುಂಬಿದ ಪೆರೋಗಿ ಕಡುಬಿನ ಮೇಲೆ ಹುರಿದ ಈರುಳ್ಳಿ. ರಜೆಯ ತಯಾರಿಯಲ್ಲಿ ವೆರ್ನಾಳಿಗೆ ಉಸಿರಾಡಲೂ ರಜೆ ಸಿಗಲಿಲ್ಲ. ಕೋಳಿ ಎಷ್ಟು ಡಿಗ್ರಿಗೆ ಬೇಯಬೇಕೆಂದು ಕೂಗಿ ಕೇಳುವವರಿಗೆ, ಊದಿದ ಮೊಣಕಾಲನ್ನು ಇನ್ನೊಂದಕ್ಕೆ ಆನಿಸಿ ಅವಳು ಕೂಗಿ ಹೇಳಿದಳು.

ಗುರುವಾರ ಎರಡು ಟ್ರಕ್ಕುಗಳಲ್ಲಿ ಆರೂ ಜನ ತೊಂಬತ್ತು ಕಿಲೋಮೀಟರ್ ಹೋಗಿ ಬರೆದು ಬಂದರು. ಹಾಡುತ್ತಲೇ ಬಂದರು.

"ಸುಲಭ ಕಣೇ! ನಿನ್ ದಿಂಬು ಬಿಸಿಲಿಗೆ ಹಾಕು."

ಆ ಸಂಜೆ ವೆರ್ನಾ ದಪ್ಪ ಪರದೆಯೊಂದನ್ನು ಒಗೆದು, ಮಲಗುವ ಕೋಣೆಯ ಪೂರ್ವದ ಕಿಟಕಿಗೆ ಕಟ್ಟಿದಳು.

ಶನಿವಾರ ಪರೀಕ್ಷೆ ಕಚೇರಿಯಿಂದ ಕಾಗದ ಬಂತು. ಮಾರಿವಿಕ್ ಓದಿದಳು, ಓದುತ್ತ ಓದುತ್ತ ದನಿ ಸಣ್ಣಗಾಯಿತು. ಆರೂ ಉತ್ತರಪತ್ರಿಕೆಗಳು ಅಕ್ಷರಶಃ ಒಂದೇ ಆಗಿರುವುದರಿಂದ ಆರನ್ನೂ ರದ್ದುಪಡಿಸಲಾಗಿದೆ. ಆರು ತಿಂಗಳ ನಂತರ ಮತ್ತೆ ಬರೆಯಬಹುದು.

"ಕಾಪಿ ಹೊಡೆದ್ರಾ?" ವೆರ್ನಾ ಕೇಳಿದಳು.

"ಛೆ, ಛೆ! ಕಾಪಿ ಯಾರ್ ಹೊಡೆದ್ರು?" ಲೈಲ್‌ಗೆ ನಿಜವಾಗಿ ನೋವಾಗಿತ್ತು. "ಓರೆಸ್ಟ್ ಕನ್ನಡಕ ಮರೆತು ಬಂದಿದ್ದ. ಮೇಲ್ವಿಚಾರಕಿ ಫೋನ್ ಅಂತ ಹೊರಗ್ ಹೋದ್ಲು. ಪಾಪ ಅಂತ ಮಾರಿವಿಕ್ ಪ್ರಶ್ನೆ ಓದಿ ಹೇಳಿದ್ಲು. ಆಮೇಲೆ, ಹೆಂಗೂ ಓದಿದ್ದಾಳಲ್ಲ ಅಂತ..."

"ಅಂತ?"

"ಮತ ಹಾಕಿದ್ವಿ."

ಮಾರಿವಿಕ್ ನೆಲ ನೋಡುತ್ತಿದ್ದಳು. "ಹದಿನೆಂಟನೇ ಪ್ರಶ್ನೆ, ಕೈ ಎಷ್ಟು ಹೊತ್ತು ತೊಳೀಬೇಕು ಅಂತ. ನಾನ್ ಇಪ್ಪತ್ತು ಸೆಕೆಂಡು ಅಂದೆ ಅಕ್ಕ. ಐದಕ್ಕೆ ಒಂದರಲ್ಲಿ ಸೋತೆ."

"ಏನ್ ಬರೆದ್ರಿ?"

"'ವೆರ್ನಾ ಸಾಕು ಅನ್ನೋವರೆಗೆ.' ನಾನೂ ಹಾಗೇ ಬರೆದೆ. ಮೇಜಿನ ನಿಯಮ ಅಲ್ವಾ..."

ವೆರ್ನಾಳಿಗೆ ಬೈಯಲು ಕೂಡ ಆಯಾಸ. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಗಿರಾಕಿಗಳಿರುವಾಗ ಕುರ್ಚಿ ಎಳೆದು ಮೇಜಿನ ತುದಿಗೆ ಕೂತಳು. ಯಾರೂ ಕಾಫಿ ಕೇಳಲಿಲ್ಲ. ಅವಳು ಹೀಗೆ ಕೂತದ್ದು ಕಂಡು ಆರು ಜನಕ್ಕೂ ಹೆದರಿಕೆಯಾಗಿತ್ತು.

"ತಡಿ," ಓರೆಸ್ಟ್ ಮೇಜು ಕುಟ್ಟಿದ. "ಪಾಸಾದೋರು ಅಂಗಡೀಲಿ ಇರ್ಬೇಕು ಅಂತ ತಾನೇ ಕಾನೂನು? ಕೆಲಸ ಮಾಡ್ಬೇಕು ಅಂತ ಇಲ್ವಲ್ಲ! ಹೀಟರ್ ಪಕ್ಕ ಆ ಬೆಂಚಿದೆ. ಸೋಮವಾರ ನಾನೇ ಬಂದು ಟ್ರಕ್ಕಲ್ಲಿ ಕರ್ಕೊಂಡ್ ಬರ್ತೀನಿ. ದಿಂಬು ತಗೊಂಬಾ, ರಗ್ಗು ನಾನ್ ತರ್ತೀನಿ. ನೀನು ಅಲ್ಲಿ ಗೊರಕೆ ಹೊಡಿ, ನಾವು ಇಲ್ಲಿ ಮೊಟ್ಟೆ ಹೊಡಿತೀವಿ!"

ಕೈಗಳು ಮೇಲೆದ್ದವು. ಒಂದು, ಎರಡು, ಐದು. ವೆರ್ನಾ ಬೆಂಚಿನ ಉದ್ದವನ್ನು ಕಣ್ಣಲ್ಲೇ ಅಳೆದಳು. ಮೊಣಕಾಲು ಸ್ವಲ್ಪ ಮಡಚಿದರೆ ಸಾಕು. ಮನೆ ಬೇಡ, ಪರದೆ ಬೇಡ, ಇವರ ಗಲಾಟೆ ಕೇಳುತ್ತಲೇ ನಿದ್ದೆ ಬರಬಹುದು. ಮುಖದಲ್ಲಿ ನಗು ಕೂಡ ಬಂತು.

ಮಾರಿವಿಕ್ ಮಾತ್ರ ಕೈಯೆತ್ತಿರಲಿಲ್ಲ. ಪರೀಕ್ಷೆಯ ಪುಸ್ತಕವನ್ನು ಕೊನೆಯವರೆಗೆ ಓದಿದ್ದು ಅವಳೊಬ್ಬಳೇ. ಯಾರಿಗೂ ಬೇಡವಾದ ಒಂದು ಪುಟ ತೆರೆದು, ಪುಸ್ತಕವನ್ನು ಮೇಜಿನ ನಡುವೆ ಸರಿಸಿದಳು.

"ಮೂವತ್ತೊಂಬತ್ತನೇ ಪುಟ ಅಕ್ಕ. ಪಾಸಾದೋರು ಅಡುಗೆ ನಡೆಯೋವಷ್ಟು ಹೊತ್ತೂ ಅಲ್ಲೇ ಇರ್ಬೇಕು..." ಅವಳು ಸಾಲಿನ ಕೊನೆಯ ಪದದ ಮೇಲೆ ಬೆರಳಿಟ್ಟಳು. "ಎಚ್ಚರವಾಗಿ."